ರೆಡ್ ನದಿಯ ದಿಮ್ಮಿಗಳ ಒಡ್ಡು

ಅಮೆರಿಕದ ಲೂಯಿಸಿಯಾನಾ ಸಂಸ್ಥಾನದಲ್ಲಿ ಹರಿಯುವ ರೆಡ್ ನದಿಗೆ, ಐರೋಪ್ಯರು ಆ ನೆಲಕ್ಕೆ ಕಾಲಿಡುವ ಎಷ್ಟೋ ಕಾಲ ಮೊದಲೇ, ಯಾವ ಶಿಲ್ಪಿಯೂ ಕಟ್ಟದ ಒಡ್ಡೊಂದು ಬೆಳೆದು ನಿಂತಿತ್ತು. ಪ್ರತಿ ನೆರೆಯಲ್ಲಿಯೂ ಮೆತುಮಣ್ಣಿನ ದಡಗಳನ್ನು ಕೊರೆದು, ವೃಕ್ಷಗಳನ್ನು ಬೇರುಸಹಿತ ಉರುಳಿಸಿ ಹೊತ್ತು ತರುತ್ತಿದ್ದ ಆ ನದಿ, ತಿರುವುಗಳಲ್ಲಿ ಅವನ್ನು ಒಂದರ ಮೇಲೊಂದು ಒಟ್ಟಿ, ಸಂದುಗಳಲ್ಲಿ ಕೊಂಬೆ, ತರಗೆಲೆ, ಹೂಳುಗಳನ್ನು ತುರುಕಿ, ಕಡೆಗೆ ತನ್ನ ಪಾತ್ರವನ್ನು ತಾನೇ ಮುಚ್ಚಿಕೊಂಡಿತು. 'ಗ್ರೇಟ್ ರಾಫ್ಟ್' ಎಂದು ಹೆಸರಾದ ಈ ರಾಶಿ ತನ್ನ ಉಚ್ಛ್ರಾಯದಲ್ಲಿ ಸುಮಾರು 160 ಮೈಲಿ ಚಾಚಿಕೊಂಡಿದ್ದಿತು. ಅದು ನಿಶ್ಚಲವಾಗಿಯೂ ಇರಲಿಲ್ಲ. ಕೆಳತುದಿಯಲ್ಲಿ ಹಳೆಯ ಮರ ಕೊಳೆತು ಕಳಚುತ್ತ, ಮೇಲ್ತುದಿಯಲ್ಲಿ ಹೊಸ ಮರ ಬಂದು ಸೇರುತ್ತ, ಇಡೀ ಒಡ್ಡೇ ಪ್ರವಾಹಕ್ಕೆ ಎದುರಾಗಿ ಮೆಲ್ಲಮೆಲ್ಲನೆ ಮೇಲೇರುತ್ತಿತ್ತು. ತಡೆದ ನೀರು ಪಕ್ಕದ ತಗ್ಗುಗಳಿಗೆ ನುಗ್ಗಿ ಸರೋವರಗಳಾಗಿ ನಿಂತಿತು. ಅಲ್ಲಿನ ಮೂಲನಿವಾಸಿಗಳಾದ ಕ್ಯಾಡೊ ಜನರ ಬಾಳು ಆ ಜಲಸೀಮೆಗೆ ಹೊಂದಿಕೊಂಡು ಸಾಗಿತ್ತು.

1806ರಲ್ಲಿ ಅಧ್ಯಕ್ಷ ಜೆಫರ್ಸನ್ ಕಳುಹಿಸಿದ ಅನ್ವೇಷಕರು ಜೌಗುಗಾಲುವೆಗಳಲ್ಲಿ ಸುತ್ತಿಬಳಸಿ ಇದನ್ನು ದಾಟಬೇಕಾಯಿತು. ಹತ್ತಿ ಸಾಗಿಸುವ ಉಗಿಹಡಗಿನವರಿಗಾದರೋ ಅಷ್ಟು ತಾಳ್ಮೆಯಿರಲಿಲ್ಲ. 1833ರಲ್ಲಿ ಹೆನ್ರಿ ಷ್ರೀವ್ ಎಂಬ ನಾವಿಕ, ದಿಮ್ಮಿ ಕೀಳಲೆಂದೇ ರಚಿಸಿದ ಹಡಗನ್ನು ತಂದು, 1838ರ ವೇಳೆಗೆ ದಾರಿ ಬಿಡಿಸಿದನು. ಷ್ರೀವ್‌ಪೋರ್ಟ್ ನಗರಕ್ಕೆ ಅವನ ಹೆಸರೇ ನಿಂತಿತು. ನದಿ ಮಾತ್ರ ಆ ಕೀರ್ತಿಯನ್ನು ಲೆಕ್ಕಿಸದೆ, ಇನ್ನಷ್ಟು ಮೇಲುಗಡೆ ಹೊಸ ರಾಶಿ ಒಟ್ಟಿತು. ಕಡೆಗೆ ಸೈನ್ಯದ ಎಂಜಿನಿಯರ್ ಯೂಜಿನ್ ವುಡ್ರಫ್ ನೈಟ್ರೊಗ್ಲಿಸರಿನ್ ಸಿಡಿಸಿ ಅದನ್ನೊಡೆಯತೊಡಗಿ, 1873ರಲ್ಲಿ ಷ್ರೀವ್‌ಪೋರ್ಟಿನ ಹಳದಿಜ್ವರದ ಹಾವಳಿಯಲ್ಲಿ ರೋಗಿಗಳ ಶುಶ್ರೂಷೆಗೆ ನಿಂತು ತಾನೇ ಮಡಿದನು. ಅವನ ಸೋದರನು ಅದೇ ವರ್ಷ ಕಾರ್ಯ ಮುಗಿಸಿದನು.

ಅಂದಿನವರಿಗೆ ಅದೊಂದು ವಿಘ್ನ, ಅಷ್ಟೇ. ಆದರೆ ಮರವೆಂಬುದು ಗಾಳಿಯ ಇಂಗಾಲವೇ ಘನರೂಪ ತಾಳಿದ್ದಲ್ಲವೇ? ತೆರೆದ ಸ್ಥಳದಲ್ಲಿ ಕೊಳೆತರೆ ಅದು ಮರಳಿ ಗಾಳಿಯನ್ನೇ ಸೇರುತ್ತದೆ. ಹೂಳಿನಡಿ ಗಾಳಿಯಾಡದೆ ಹುದುಗಿದರೆ ಸಾವಿರಾರು ವರ್ಷ ಉಳಿಯಬಲ್ಲುದು. ಭೂಮಿಯ ನದಿಗಳೆಲ್ಲ ಕೂಡಿ ವರ್ಷಕ್ಕೆ ಸುಮಾರು 20 ಕೋಟಿ ಟನ್ ಇಂಗಾಲವನ್ನು ಕಣರೂಪದಲ್ಲಿ ಕಡಲಿಗೆ ಒಯ್ಯುತ್ತವೆಂದು ವಿಜ್ಞಾನಿಗಳ ಅಂದಾಜು. ದಾರಿಯಲ್ಲಿ ಆ ಸರಕಿಗೆ ಛತ್ರದಂತಿದ್ದ ಇಂಥ ಒಡ್ಡುಗಳನ್ನು ಕಿತ್ತೊಗೆದವರು ನದಿಯನ್ನು ಉದ್ಧರಿಸಿದರೆಂದು ನಾನಂತೂ ಒಪ್ಪಲಾರೆ.

ವರ್ತಕರು ಬೇಡಿದ ಹಾದಿ ದೊರೆತದ್ದು ದಿಟ. ಆದರೆ ಒಡ್ಡು ತಡೆದ ನೀರಿನ ಬಲದಿಂದಲೇ ಬಂದರಾಗಿದ್ದ ಟೆಕ್ಸಾಸಿನ ಜೆಫರ್ಸನ್ ಪಟ್ಟಣ, 1873ರ ಬಳಿಕ ನೀರಿಳಿದು, ರೈಲು ವ್ಯಾಪಾರವನ್ನು ಬೇರೆಡೆಗೆಳೆದು, ತನ್ನ ಹಡಗುಗಳನ್ನು ಕಳೆದುಕೊಂಡಿತು.