ಮಲಗುವ ಕೋಣೆಯ ಕಿಟಕಿ ಮತ್ತು ಬೆಂಕಿ: ಸಂಪಾಜೆ ಕಣಿವೆಯ ಮನೆ ನವೀಕರಣ ಕುರಿತ ಒಂದು ಪರಿಶೀಲನೆ

ಸಂಪಾಜೆ ಹೆಸರಿಗೆ ಒಂದೇ ಊರು, ಆಡಳಿತಕ್ಕೆ ಎರಡು. ಕೊಡಗು ಸಂಪಾಜೆ ಮಡಿಕೇರಿ ತಾಲೂಕಿಗೆ ಸೇರಿದರೆ ದಕ್ಷಿಣ ಕನ್ನಡ ಸಂಪಾಜೆ ಸುಳ್ಯಕ್ಕೆ ಸೇರುತ್ತದೆ. ಮನೆಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಸುಳ್ಯದಿಂದ ಸುಮಾರು 20 ಕಿ.ಮೀ. ಬರಬೇಕು, ಇಲ್ಲವೇ ಮಡಿಕೇರಿಯಿಂದ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದಾಗ ಘಾಟಿಯ ದಾರಿಯೇ ಮುಚ್ಚಿಹೋಗಿತ್ತು. ಮುಖ್ಯ ರಸ್ತೆಯಿಂದ ತೋಟದೊಳಗಿನ ಮನೆಗೆ ಹೋಗುವ ಕಡಿದಾದ ಮಣ್ಣುದಾರಿಯ ಮಾತು ಬೇರೆಯೇ. ಇಂಥ ಕಡೆ ನೆರವು ಬರುವ ಮೊದಲೇ ಮನೆಯವರು ತಾವಾಗಿ ಹೊರಬೀಳಬಲ್ಲರೇ ಎಂಬುದೇ ಮುಖ್ಯ ಪ್ರಶ್ನೆ. ನವೀಕರಣದ ವೇಳೆ ಪ್ರತಿ ಮಲಗುವ ಕೋಣೆಯ ಒಂದು ಕಿಟಕಿಯನ್ನಾದರೂ ನಿರ್ಗಮನದ ದಾರಿಯೆಂದು ಎಣಿಸಬೇಕು, ಅದಕ್ಕೆ ಬೇಕಾದ ತತ್ತ್ವ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೇ ಇದೆ ಎಂಬುದು ಈ ಲೇಖನದ ವಾದ.

ಕಣಿವೆಯ ಹಳೆಯ ಮನೆ ಮುರಕಲ್ಲಿನ ಗೋಡೆ, ಮಂಗಳೂರು ಹೆಂಚು, ಅಟ್ಟ, ಮರದ ಸರಳಿನ ಕಿಟಕಿಗಳದ್ದು. ಅದು ಬೆಂಕಿಗೆ ಸುಲಭದ ತುತ್ತು, ನಿಜ. ಆದರೆ ಹೆಂಚಿನ ಸಂದುಗಳಲ್ಲಿ ಹೊಗೆ ಹೊರಹೋಗುತ್ತಿತ್ತು. ತೀರಾ ಪೇಚಿಗೆ ಸಿಕ್ಕರೆ ನಾಲ್ಕು ಹೆಂಚು ಸರಿಸಿ ಮಾಡಿಗೆ ಏರುವುದೂ ಸಾಧ್ಯವಿತ್ತು. ನವೀಕರಣವಾದಾಗ ಹೆಂಚು ಹೋಗಿ ಸ್ಲ್ಯಾಬ್ ಬರುತ್ತದೆ, ಅದರ ಮೇಲೆ ಅಡಿಕೆ ಒಣಗಿಸಲು ಶೀಟಿನ ಮಾಡು, ಕೆಳಗೆ ಜಿಪ್ಸಂ ಅಥವಾ ಪಿವಿಸಿಯ ಮುಚ್ಚಿಗೆ, ಮೆಟ್ಟಿಲಿನ ಅಡಿಯಲ್ಲಿ ಇನ್ವರ್ಟರ್ ಬ್ಯಾಟರಿ. ಮಳೆಗಾಲದಲ್ಲಿ ಕರೆಂಟು ಕೈಕೊಡುವ ಊರಿನಲ್ಲಿ ಇನ್ವರ್ಟರ್ ಇಲ್ಲದೆ ನಡೆಯದು. ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ಕ್ಯಾನೂ ಅನೇಕ ಕಡೆ ಅಲ್ಲೇ ಇರುತ್ತದೆ. ಮೇಲಿನ ಕೋಣೆಗಳಿಂದ ಇಳಿಯಲು ಇರುವುದು ಅದೊಂದೇ ಮೆಟ್ಟಿಲು. ಹೊಗೆ ಮೊದಲು ಏರುವುದೂ ಅದರಲ್ಲೇ.

ಹೊಸ ಕಾಂಕ್ರೀಟು ಮನೆ ಸುಡುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. 2022ರ ಮಾರ್ಚ್ 8ರಂದು ಕೇರಳದ ವರ್ಕಲದಲ್ಲಿ ಎರಡಂತಸ್ತಿನ ಮನೆಯೊಂದಕ್ಕೆ ರಾತ್ರಿ ಬೆಂಕಿ ತಗುಲಿ, ಎಂಟು ತಿಂಗಳ ಮಗು ಸೇರಿ ಒಂದೇ ಕುಟುಂಬದ ಐವರು ಸತ್ತರು. ಅಲ್ಲಿ ಪ್ರಾಣ ತೆಗೆದದ್ದು ಮುಖ್ಯವಾಗಿ ಹೊಗೆ. ಕೊಡಗಿನಲ್ಲೇ, 2021ರ ಏಪ್ರಿಲ್‌ನಲ್ಲಿ, ದಕ್ಷಿಣ ಭಾಗದ ಮುಗುಟಗೇರಿಯ ಮನೆಯೊಂದಕ್ಕೆ ಹೊರಗಿನಿಂದ ಬಾಗಿಲು ಹಾಕಿ ಬೆಂಕಿ ಇಟ್ಟಾಗ ಮಕ್ಕಳು ಸೇರಿದಂತೆ ಹಲವರು ಜೀವ ಕಳೆದುಕೊಂಡರು. ಅದು ಅಪರಾಧ, ಅವಘಡವಲ್ಲ. ಆದರೂ ಬಾಗಿಲು ಕೈತಪ್ಪಿದ ಮನೆಗೆ ಇನ್ನೊಂದು ದಾರಿ ಏಕೆ ಬೇಕು ಎಂಬುದಕ್ಕೆ ಅದಕ್ಕಿಂತ ಕ್ರೂರ ಸಾಕ್ಷಿ ಬೇಕಿಲ್ಲ.

ಇನ್ನು ನಿಯಮ. ಗ್ರಾಮೀಣ ಮನೆಯನ್ನು ಕಟ್ಟಲು ಮಾತ್ರವಲ್ಲ, ಮಾರ್ಪಡಿಸಲು, ವಿಸ್ತರಿಸಲು ಕೂಡ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದ ವಿಷಯವೇ ಕಟ್ಟಡ ನಿಯಂತ್ರಣ. ಆದರೆ 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ ಒಂಬತ್ತು ಮಂದಿ ಸತ್ತ ಮೇಲೆ ಅಗ್ನಿಸುರಕ್ಷೆಯ ಮಾತೆಲ್ಲ ಬಹುಮಹಡಿ ಕಟ್ಟಡಗಳ ಸುತ್ತಲೇ ತಿರುಗಿತು. ಎರಡಂತಸ್ತಿನ ತೋಟದ ಮನೆಯನ್ನು ಯಾರೂ ಕೇಳಲಿಲ್ಲ.

ರಾಷ್ಟ್ರೀಯ ಕಟ್ಟಡ ಸಂಹಿತೆ (2016) ಸ್ವತಃ ಕಾನೂನಲ್ಲ. ರಾಜ್ಯವೋ ಸ್ಥಳೀಯ ಸಂಸ್ಥೆಯೋ ಅಳವಡಿಸಿಕೊಂಡಾಗ ಮಾತ್ರ ಕಡ್ಡಾಯ. ಕಿಟಕಿಯ ವಿಷಯಕ್ಕೆ ಬಂದರೆ ಅದರ ಪ್ರಸಿದ್ಧ ಲೆಕ್ಕ ಗಾಳಿ-ಬೆಳಕಿನದು: ತೇವದ ಸೆಖೆಯ ಪ್ರದೇಶದಲ್ಲಿ ಕೋಣೆಯ ನೆಲದ ಆರನೇ ಒಂದು ಪಾಲು, ಒಣಸೆಖೆಯಲ್ಲಿ ಹತ್ತನೇ ಒಂದು, ಚಳಿಯಲ್ಲಿ ಹನ್ನೆರಡನೇ ಒಂದು ಪಾಲು ತೆರವಿರಬೇಕು. 10 ಅಡಿಗೆ 12 ಅಡಿಯ ಕೋಣೆಗೆ ತೇವದ ಸೆಖೆಯ ಲೆಕ್ಕದಲ್ಲಿ 20 ಚದರಡಿ ಬೇಕಾಗುತ್ತದೆ. ಗ್ರಿಲ್ ಬೆಸುಗೆ ಹಾಕಿದರೂ ಗಾಳಿ ಬರುತ್ತದೆ, ಈ ಲೆಕ್ಕ ಕೆಡುವುದಿಲ್ಲ. ಆದರೆ ಅದೇ ಸಂಹಿತೆಯ ನಾಲ್ಕನೇ ಭಾಗ ನಿರ್ಗಮನದ ಬಾಗಿಲುಗಳ ಬಗ್ಗೆ ಒಂದು ಮಾತು ಹೇಳುತ್ತದೆ: ಒಳಗಿರುವವರು ಕೀಲಿ ಇಲ್ಲದೆ ತೆರೆಯುವಂತಿರಬೇಕು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅದೇ ಮುಖ್ಯ ವಾಕ್ಯ. ಬಾಗಿಲಿಗೆ ಸಲ್ಲುವುದು ಗ್ರಿಲ್ಲಿಗೂ ಸಲ್ಲಬೇಕು.

ಅಳತೆಗೆ ಹೊರದೇಶಗಳ ನಿಯಮ ನೋಡಬಹುದು. ಅಮೆರಿಕದ ವಸತಿ ಸಂಹಿತೆಯಂತೆ ಮಲಗುವ ಕೋಣೆಯ ಪಾರುಕಿಟಕಿಯ, ಎಂದರೆ ಬೆಂಕಿಯಿಂದ ಪಾರಾಗಲು ಬಳಸುವ ಕಿಟಕಿಯ, ನಿಜವಾದ ತೆರವು 5.7 ಚದರಡಿ, ಅಗಲ ಕನಿಷ್ಠ 20 ಅಂಗುಲ, ಎತ್ತರ 24 ಅಂಗುಲ ಇರಬೇಕು. ತೆರವಿನ ಕೆಳ ಅಂಚು ನೆಲದಿಂದ 44 ಅಂಗುಲ ಮೀರಬಾರದು. ಇಂಗ್ಲೆಂಡಿನಲ್ಲಿ 0.33 ಚದರ ಮೀಟರ್ ತೆರವು, ಅಗಲ-ಎತ್ತರ ಎರಡೂ ಕನಿಷ್ಠ 450 ಮಿ.ಮೀ. ಹಳೆಯ ಕಿಟಕಿಯಿಂದ ಪಾರಾಗಲು ಬರುತ್ತಿದ್ದರೆ ಬದಲಿ ಕಿಟಕಿಯಲ್ಲೂ ಅದು ಸಾಧ್ಯವಾಗಬೇಕೆಂಬುದು ಅಲ್ಲಿನ ಇನ್ನೊಂದು ಕಟ್ಟಳೆ. ನವೀಕರಣಕ್ಕೆ ನೇರವಾಗಿ ತಟ್ಟುವಂಥದ್ದು.

ಈಗ ನಮ್ಮ ಆಚಾರಿಗಳು ಮಾಡುವ ಮೂರಡಿ ಅಗಲ, ನಾಲ್ಕಡಿ ಎತ್ತರದ ಎರಡು ಬಾಗಿಲಿನ ಕಿಟಕಿಯನ್ನು ಅಳೆಯೋಣ. ದಾರಂದದ ಮರ ಮೂರಂಗುಲದ್ದೆಂದು ಹಿಡಿದರೆ ಎರಡು ಬದಿಗೆ ಆರು, ನಡುವಿನ ಪಟ್ಟಿಗೆ ಮೂರು, ಒಟ್ಟು ಒಂಬತ್ತಂಗುಲ ಮರಕ್ಕೇ ಹೋಗುತ್ತದೆ. ಉಳಿದ 27 ಅಂಗುಲ ಎರಡು ಪಾಲಾದಾಗ ಒಂದೊಂದು ಕಂಡಿಯ ಅಗಲ ಹದಿಮೂರೂವರೆ ಅಂಗುಲ, ಎಂದರೆ 343 ಮಿ.ಮೀ. ಸರಳೆಲ್ಲ ಕಿತ್ತರೂ ಇದು ಎರಡೂ ದೇಶಗಳ ಅಳತೆಗೆ ಎಟುಕದು. ನಡುವಿನ ಪಟ್ಟಿ ಬಿಟ್ಟು ಎರಡು ಬಾಗಿಲು ಒಂದಕ್ಕೊಂದು ಮುಚ್ಚಿಕೊಳ್ಳುವಂತೆ ಮಾಡಿದರೆ 30 ಅಂಗುಲ ಅಗಲ, 42 ಅಂಗುಲ ಎತ್ತರದ ತೆರವು ಸಿಗುತ್ತದೆ, ಸುಮಾರು ಎಂಟೂಮುಕ್ಕಾಲು ಚದರಡಿ. ಕಿಟಕಿಯ ಅಳತೆ ಬದಲಾಗಿಲ್ಲ, ಹೋದದ್ದು ಒಂದು ಮರದ ತುಂಡು ಮಾತ್ರ. ಸರಳನ್ನಷ್ಟೇ ದೂರುವವರು ಈ ಪಟ್ಟಿಯನ್ನು ಮರೆಯುತ್ತಾರೆ. ಯುಪಿವಿಸಿಯ ಜಾರುಕಿಟಕಿಯಲ್ಲೂ ಇದೇ ಎಚ್ಚರ ಬೇಕು: ಎರಡು ಹಳಿಯದಾದರೆ ತೆರೆಯುವುದು ಅರ್ಧ ಮಾತ್ರ.

ಗ್ರಿಲ್ ಬೇಡ ಎನ್ನುವುದು ಇಲ್ಲಿ ನಡೆಯುವ ಮಾತಲ್ಲ. ಮಂಗಗಳಿವೆ, ಕಳ್ಳರ ಭಯವಿದೆ, ಹಗಲಲ್ಲಿ ಮನೆಯವರೆಲ್ಲ ತೋಟದಲ್ಲಿರುತ್ತಾರೆ. ಅಮೆರಿಕದ ಸಂಹಿತೆಯೂ ಸರಳನ್ನು ನಿಷೇಧಿಸುವುದಿಲ್ಲ. ಒಳಗಿನಿಂದ ಕೀಲಿ, ಹತ್ಯಾರು ಇಲ್ಲದೆ ತೆರೆಯುವಂತಿರಲಿ ಎನ್ನುತ್ತದಷ್ಟೆ. ಹಾಗಾಗಿ ಗ್ರಿಲ್ಲಿನ ಒಂದು ಪಾಲನ್ನು ತಿರುಗಣೆಯ ಮೇಲೆ ಹೊರಕ್ಕೆ ತೆರೆಯುವಂತೆ ಮಾಡಿಸಿ, ಹೊರಗಿನ ಕೈಗೆ ಎಟುಕದಂತೆ ಅಗುಳಿಗೆ ಒಂದು ತಗಡಿನ ಮರೆ ಕೊಟ್ಟರೆ ಎರಡೂ ಕೆಲಸ ಆಗುತ್ತದೆ.

ಕಿಟಕಿಯ ಆಚೆ ಏನಿದೆ ಎಂಬುದೂ ಮುಖ್ಯ. ಸಂಪಾಜೆಯ ಅನೇಕ ಮನೆಗಳ ಹಿಂಬದಿಗೆ ಬರೆ ಇದೆ, ಗುಡ್ಡ ಅಗೆದು ಮಾಡಿದ ಕಡಿದಾದ ಮಣ್ಣಿನ ಗೋಡೆ. 2018ರ ಭಯದಿಂದ ಅದಕ್ಕೆ ತಡೆಗೋಡೆ ಕಟ್ಟುವಾಗ ಮನೆಗೂ ಅದಕ್ಕೂ ನಡುವೆ ಒಬ್ಬ ಆಳು ನಿಲ್ಲುವಷ್ಟೂ ಜಾಗ ಉಳಿಯದಿದ್ದರೆ, ಕಿಟಕಿ ತೆರೆದೂ ಪ್ರಯೋಜನವಿಲ್ಲ. ನೆಲಮಟ್ಟಕ್ಕಿಂತ ತಗ್ಗಿನ ಕಿಟಕಿಯೆದುರು ಗೋಡೆಯಿಂದ 36 ಅಂಗುಲ ಬಿಡಬೇಕೆಂಬ ಅಮೆರಿಕದ ನಿಯಮವನ್ನು ಇಲ್ಲಿಗೆ ಹೊಂದಿಸಿಕೊಳ್ಳಬಹುದು. ಮೇಲಂತಸ್ತಿನಲ್ಲಿ ಪಾರುಕಿಟಕಿಯನ್ನು ಬರೆಯ ಕಡೆಗಲ್ಲ, ಸಜ್ಜೆಯೋ ಶೀಟಿಲ್ಲದ ಪೋರ್ಟಿಕೊವೋ ಇರುವ ಕಡೆಗೆ ಇಡಬೇಕು. ಇಂಗ್ಲೆಂಡಿನ ನಿಯಮವೂ ನೆಲದಿಂದ 4.5 ಮೀಟರಿಗಿಂತ ಮೇಲಿನ ಅಂತಸ್ತಿಗೆ ಕಿಟಕಿಯನ್ನು ದಾರಿಯೆಂದು ಒಪ್ಪುವುದಿಲ್ಲ.

ಪಂಚಾಯಿತಿಗೆ ಕೊಡುವ ನಕ್ಷೆಯಲ್ಲಿ ಪ್ರತಿ ಮಲಗುವ ಕೋಣೆಯ ಒಂದು ಕಿಟಕಿಗೆ ಗುರುತು ಹಾಕಿ ಅದರ ನಿಜವಾದ ತೆರವನ್ನು ಬರೆಯುವಂತೆ ಕೇಳುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಎರಡೂ ಸಂಪಾಜೆಗಳಿಗೆ ಸಲ್ಲುವುದು ಅದೇ ಪಂಚಾಯತ್ ರಾಜ್ ಅಧಿನಿಯಮ. ಆದರೆ ಕಾಗದದ ಮೇಲಿನ ಗುರುತು ತುಕ್ಕನ್ನು ತಡೆಯದು. ಈ ಕಣಿವೆಯ ಮಳೆಗೆ ಕಬ್ಬಿಣದ ತಿರುಗಣೆ ಕೆಲವೇ ವರ್ಷಗಳಲ್ಲಿ ಕಚ್ಚಿಕೊಳ್ಳುತ್ತದೆ. ತಿರುಗಣೆ ಹಿತ್ತಾಳೆಯದೋ ತುಕ್ಕು ಹಿಡಿಯದ ಸ್ಟೀಲಿನದೋ ಆಗಬೇಕು, ಅಗುಳಿ ಮಕ್ಕಳ ಕೈಗೆಟುಕುವ ಎತ್ತರದಲ್ಲಿರಬೇಕು, ಮುಂಗಾರಿಗೆ ಮೊದಲು ಎಣ್ಣೆ ಬಿಟ್ಟು ಒಮ್ಮೆ ತೆರೆದು ನೋಡಬೇಕು.