ವೀಲ್ ಸಿಲಿಂಡರ್ ದುರಸ್ತಿಯ ಇತಿಹಾಸ

ಪೆಡಲಿನ ತುಳಿತದಿಂದ ಕೊಳವೆಗಳ ಮೂಲಕ ಬಂದ ದ್ರವದ ಒತ್ತಡವನ್ನು ಸ್ವೀಕರಿಸಿ, ಪಿಸ್ಟನ್‌ಗಳನ್ನು ಹೊರದೂಡಿ, ಬ್ರೇಕ್ ಶೂಗಳನ್ನು ತಿರುಗುವ ಡ್ರಮ್ಮಿಗೆ ಒತ್ತತಕ್ಕ ಅಂಗಕ್ಕೆ ವೀಲ್ ಸಿಲಿಂಡರ್ ಎಂದು ಹೆಸರು. ಮುಚ್ಚಿಟ್ಟ ದ್ರವದ ಮೇಲಿನ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ವ್ಯಾಪಿಸುವುದೆಂದು 17ನೆಯ ಶತಮಾನದಲ್ಲಿ ಪಾಸ್ಕಲ್ ನಿರೂಪಿಸಿದ ತತ್ತ್ವವೇ ಇದಕ್ಕೆ ಆಧಾರ. ಇದರ ದುರಸ್ತಿಯ ಚರಿತ್ರೆಯಾದರೋ, ಪಿಸ್ಟನ್ನಿಗೂ ದ್ರವಕ್ಕೂ ನಡುವೆ ಕುಳಿತು ಸೋರಿಕೆಯನ್ನು ತಡೆಯುವ ಪುಟ್ಟ ಕಪ್‌ನ ಸುತ್ತಲೇ ಹೆಣೆದುಕೊಂಡಿದೆ.

ದ್ರವಚಾಲಿತ ಬ್ರೇಕನ್ನು ಮೋಟಾರು ಕಾರಿಗೆ ಅಳವಡಿಸುವ ವಿಧಾನಕ್ಕೆ ಅಮೆರಿಕದ ಮಾಲ್ಕಮ್ ಲಾಕ್‌ಹೀಡನು 1917ರಲ್ಲಿ ಪೇಟೆಂಟು ಪಡೆದನು. 1921ರಲ್ಲಿ ಇಂತಹ ಬ್ರೇಕುಗಳಿದ್ದ ಡ್ಯೂಸನ್‌ಬರ್ಗ್ ಕಾರಿನಲ್ಲಿ ಜಿಮ್ಮಿ ಮರ್ಫಿಯು ಲೆ ಮಾನ್ಸ್‌ನಲ್ಲಿ ನಡೆದ ಫ್ರೆಂಚ್ ಗ್ರಾಂಡ್ ಪ್ರೀ ಪಂದ್ಯವನ್ನು ಗೆದ್ದನು. ಆದರೆ ಲಾಕ್‌ಹೀಡನ ಕಪ್‌ಗಳು ಚರ್ಮದವು. ಅವು ಸೋರುತ್ತಿದ್ದುದರಿಂದ, ರೇಸಿನ ದಿನದ ಮಟ್ಟಿಗೆ ಶ್ರೇಷ್ಠವೆನಿಸಿದ ಈ ವ್ಯವಸ್ಥೆಯು ಸಾಮಾನ್ಯ ಮಾಲೀಕನ ನಿತ್ಯದ ಬಳಕೆಗೆ ಒದಗುವುದು ಕಷ್ಟವಾಗಿತ್ತು. ಕ್ರೈಸ್ಲರ್ ಸಂಸ್ಥೆಯ ಎಂಜಿನಿಯರರು ಚರ್ಮದ ಬದಲು ರಬ್ಬರನ್ನು ಬಳಸಿ, 1924ರ ಕಾರಿನ ನಾಲ್ಕು ಚಕ್ರಗಳಿಗೂ ಈ ಬ್ರೇಕನ್ನು ಜೋಡಿಸಿದುದೇ ನಿಜವಾದ ತಿರುವು. ಫೋರ್ಡ್ ಕಾರುಗಳಿಗೆ ಅದು ಬಂದುದು 1939ರ ಮಾದರಿಗಳಲ್ಲಿ.

ರಬ್ಬರು ಸೋರಿಕೆಯನ್ನು ನಿಲ್ಲಿಸಿತಾದರೂ ಕಾರ್ಖಾನೆಯವನಿಗೆ ಕಠಿಣವಾದ ನಿಯಮವೊಂದನ್ನು ವಿಧಿಸಿತು. ಖನಿಜ ತೈಲವು ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಕೆಡಿಸುವುದರಿಂದ, ಹರಳೆಣ್ಣೆ ಮತ್ತು ಆಲ್ಕೋಹಾಲ್ ಬೆರೆತ ದ್ರವಗಳು ಆದಿಯಲ್ಲಿ ರೂಢಿಗೆ ಬಂದು, ಅನಂತರ ಗ್ಲೈಕಾಲ್ ಮೂಲದ ದ್ರವಗಳು ಅವುಗಳ ಸ್ಥಾನವನ್ನು ಪಡೆದವು. ಬಿಚ್ಚಿದ ಭಾಗಗಳನ್ನು ಪೆಟ್ರೋಲಿನಿಂದಾಗಲಿ ಸೀಮೆಎಣ್ಣೆಯಿಂದಾಗಲಿ ತೊಳೆದು ಹಾಗೆಯೇ ಜೋಡಿಸಕೂಡದೆಂಬ ಕಟ್ಟುನಿಟ್ಟಿನ ಮೂಲವೂ ಇದೇ. ಗ್ಲೈಕಾಲ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆ ತೇವದಿಂದ ಎರಕದ ಕಬ್ಬಿಣದ ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿದು ಕುಳಿಬೀಳುತ್ತದೆ, ಆ ಕುಳಿಯ ಅಂಚು ಹೊಸ ಕಪ್‌ನ ತುಟಿಯನ್ನೂ ಕೊರೆದುಬಿಡುತ್ತದೆ. ಆದುದರಿಂದಲೇ ಒಳಗೋಡೆಯನ್ನು ಸಾಣೆಕಲ್ಲುಗಳಿಂದ ಹದವಾಗಿ ಉಜ್ಜುವ ಹೋನಿಂಗ್ ಎಂಬ ಕ್ರಿಯೆ, ಕಪ್ ಬದಲಾವಣೆಯ ಜೊತೆಗೂಡಿ, ದಶಕಗಳ ಕಾಲ ದುರಸ್ತಿಯ ಮುಖ್ಯ ಭಾಗವಾಯಿತು. ಆಳವಾದ ಕುಳಿಗೆ ಇದು ಮದ್ದಲ್ಲ. ಹೆಚ್ಚು ಉಜ್ಜಿದರೆ ವ್ಯಾಸ ಹಿಗ್ಗಿ ಕಪ್ ಸಡಿಲವಾಗುತ್ತದೆ. ಆನೋಡೀಕರಿಸಿದ ಅಲ್ಯೂಮಿನಿಯಂ ಸಿಲಿಂಡರನ್ನಂತೂ ಉಜ್ಜಲೇಬಾರದು, ರಕ್ಷಣೆಯ ಪದರವೇ ಹೋಗಿಬಿಡುತ್ತದೆ.

ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದ ಮೇಲೂ ಅನೇಕ ಕಾರುಗಳ ಹಿಂದಿನ ಡ್ರಮ್ಮುಗಳಲ್ಲಿ ವೀಲ್ ಸಿಲಿಂಡರ್ ಉಳಿದಿದೆ. ಇಂದು ಸೋರುವ ಸಿಲಿಂಡರನ್ನು ಬಿಚ್ಚಿ ಶುದ್ಧಿಗೊಳಿಸುವುದಕ್ಕಿಂತ ಇಡಿಯಾಗಿ ಬದಲಿಸುವುದೇ ಹೆಚ್ಚು. ಹಾಗೆ ಬದಲಿಸಿದ ಮೇಲೆಯೂ ಕೊಳವೆಗಳೊಳಗಿನ ಗಾಳಿಯನ್ನು ನಿಪ್ಪಲ್ ಸಡಿಲಿಸಿ ಹೊರಹಾಕುವ ಕೆಲಸ ಮಾತ್ರ ಮೊದಲಿನಂತೆಯೇ ಮಾಡಬೇಕಾಗುತ್ತದೆ.