ಅಪ್ಪನ ಮೆಡಿಕಲ್ ಫೈಲು

ನನ್ನ ಫೋನಿನಲ್ಲಿ ಒಂದು ಇ-ಕಾರ್ಡ್ ಇದೆ. ಕಂಪನಿ ಕೊಟ್ಟಿದ್ದು. ಪ್ರತಿ ವರ್ಷ ಎಚ್‌ಆರ್‌ನವರ ಮೇಲ್ ಬಂದಾಗ ಒಂದು ಸಲ ತೆಗೆದು ನೋಡ್ತೀನಿ, ಅಪ್ಪ ಅಮ್ಮನ ಹೆಸರು ಇದೆಯಾ ಅಂತ ಖಾತ್ರಿ ಮಾಡಿಕೊಂಡು ಮರೆತುಬಿಡ್ತೀನಿ. ನಿಮ್ಮಲ್ಲೂ ಬಹಳ ಜನ ಹೀಗೇ ಇರಬಹುದು. ಕಳೆದ ವರ್ಷ ಊರಿಗೆ ಹೋದಾಗ ಅಟ್ಟ ಸ್ವಚ್ಛ ಮಾಡುತ್ತಾ ಒಂದು ದಪ್ಪ ಫೈಲು ಸಿಕ್ಕಿತು. ಮೇಲೆ ಅಪ್ಪನ ಅಕ್ಷರದಲ್ಲಿ ‘ಮೆಡಿಕಲ್ – 2011’ ಅಂತ ಬರೆದಿತ್ತು. ಇ-ಕಾರ್ಡ್ ಇಲ್ಲದ ಕಾಲದ ಅಪ್ಪನ ಆರೋಗ್ಯ ವಿಮೆ ಅಂದರೆ ಅದೇ ಫೈಲು.

ಅಪ್ಪ ಕೇಂದ್ರ ಸರ್ಕಾರದ ನೌಕರ. ಅರಸೀಕೆರೆಯಲ್ಲಿ ಕೆಲಸ. ಆ ವರ್ಷ ಅಮ್ಮನಿಗೆ ರಾತ್ರೋರಾತ್ರಿ ಹೊಟ್ಟೆನೋವು ಬಂದು, ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾಗಿ, ಸಿಕ್ಕಿದ ಖಾಸಗಿ ಆಸ್ಪತ್ರೆಗೆ ಸೇರಿಸಿದ್ದು ನನಗೂ ನೆನಪಿದೆ. ಬಿಲ್ಲು 68 ಸಾವಿರ. ವಾಪಸ್ ಬಂದಿದ್ದು 31 ಸಾವಿರ, ಅದೂ 14 ತಿಂಗಳ ಮೇಲೆ. ಮಧ್ಯೆ ಮೂರು ಆಕ್ಷೇಪಣೆ ಪತ್ರಗಳು. ಒಂದರಲ್ಲಿ, ಇದು ತುರ್ತು ಚಿಕಿತ್ಸೆ ಎಂದು ಆಸ್ಪತ್ರೆ ಬರೆದುಕೊಟ್ಟ ಪ್ರಮಾಣಪತ್ರ ಎಲ್ಲಿ? ಇನ್ನೊಂದರಲ್ಲಿ, ಔಷಧಿ ರಸೀದಿಗಳ ಮೇಲೆ ವೈದ್ಯರ ಸಹಿ ಇಲ್ಲ. ಮೂರನೆಯದರಲ್ಲಿ, ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಗೆ ಪ್ಯಾಕೇಜ್ 3 ದಿನಕ್ಕೆ ಮಾತ್ರ, ರೋಗಿ 6 ದಿನ ಯಾಕೆ ಇದ್ದರು? ಅಪ್ಪ ಅದಕ್ಕೆ ಕೊಟ್ಟ ಉತ್ತರದ ನಕಲೂ ಇದೆ. “ಜ್ವರ ಬಿಡಲಿಲ್ಲವಾದ್ದರಿಂದ” ಅಂತ ಒಂದೇ ಸಾಲು.

ಈ 3 ದಿನ ಯಾರು ಲೆಕ್ಕ ಹಾಕಿದ್ದು, 31 ಸಾವಿರ ಎಲ್ಲಿಂದ ಬಂತು ಅಂತ ಹುಡುಕಲು ಕೂತವನು ಬ್ರಿಟಿಷರ ಕಾಲಕ್ಕೆ ಹೋಗಿ ನಿಂತೆ.

ಮೊದಲ ಮಹಾಯುದ್ಧದ ನಂತರ ಭಾರತದ ಉನ್ನತ ಹುದ್ದೆಗಳಿಗೆ ಬರಲು ಇಂಗ್ಲೆಂಡಿನ ಹುಡುಗರು ಹಿಂದೇಟು ಹಾಕತೊಡಗಿದ್ದರು. ಅದನ್ನು ವಿಚಾರಿಸಲು ಲಾರ್ಡ್ ಲೀ ಅಧ್ಯಕ್ಷತೆಯ ಆಯೋಗ ಬಂತು, 1924ರಲ್ಲಿ ವರದಿ ಕೊಟ್ಟಿತು. ಸಂಬಳ, ರಜೆ, ಹಡಗಿನ ಟಿಕೆಟ್ ಇವುಗಳ ಜೊತೆ ಇನ್ನೊಂದು ದೊಡ್ಡ ದೂರು ವೈದ್ಯರ ಬಗ್ಗೆ. ಆಡಳಿತ ಭಾರತೀಯರ ಕೈಗೆ ಸ್ವಲ್ಪಸ್ವಲ್ಪವಾಗಿ ಬರುತ್ತಿತ್ತು, ಜಿಲ್ಲಾ ಸಿವಿಲ್ ಸರ್ಜನ್‌ಗಳೂ ಭಾರತೀಯರಾಗುತ್ತಿದ್ದರು. ತಮ್ಮ ಹೆಂಡತಿ ಮಕ್ಕಳನ್ನು ಭಾರತೀಯ ವೈದ್ಯ ಮುಟ್ಟುವುದು ಬಿಳಿಯ ಅಧಿಕಾರಿಗಳಿಗೆ ಸರಿಬರಲಿಲ್ಲ. ಅವರಿಗೆ ತಮ್ಮದೇ ಜನಾಂಗದ ವೈದ್ಯರು ಸಿಗುವ ಹಾಗೆ ಪ್ರಾಂತ್ಯಗಳಲ್ಲಿ ಇಂತಿಷ್ಟು ಬ್ರಿಟಿಷ್ ವೈದ್ಯಾಧಿಕಾರಿಗಳು ಇರಲೇಬೇಕು ಅಂತ ಶಿಫಾರಸು ಆಯಿತು. ಆ ಅಧಿಕಾರಿಗಳಿಗಾಗಿ 1938ರಲ್ಲಿ ವೈದ್ಯಕೀಯ ಆರೈಕೆಯ ನಿಯಮಗಳು ಬಂದವು. ಅದರ ಬೆನ್ನಿಗೇ ಉಳಿದ ಕೇಂದ್ರ ನೌಕರರಿಗೂ ನಿಯಮ ಆಯಿತು. ಅದೇ ಕೇಂದ್ರ ಸೇವೆಗಳ ವೈದ್ಯಕೀಯ ಆರೈಕೆ ನಿಯಮಗಳು, 1944. ಅಪ್ಪನ ಫೈಲಿನ ಪ್ರತಿ ಪತ್ರದ ಮೊದಲ ಸಾಲಿನಲ್ಲಿ ಅದರ ಹೆಸರಿದೆ.

ಅಂದರೆ ಗಾಂಧೀಜಿ ಬದುಕಿದ್ದಾಗ, ವೈಸರಾಯ್ ಇದ್ದಾಗ ಬರೆದ ನಿಯಮದಡಿ ಅಮ್ಮನ ಪಿತ್ತಕೋಶದ ತೀರ್ಮಾನ ಆಗಿದೆ. ತಿದ್ದುಪಡಿಗಳು ಸಾಕಷ್ಟು ಆಗಿವೆ, ಆದರೆ ಅಸ್ಥಿಪಂಜರ ಅದೇ. ‘ಅಧಿಕೃತ ವೈದ್ಯ’ ಅಂತ ಒಬ್ಬರು ಇರಬೇಕು, ಮೊದಲು ಅವರನ್ನೇ ಕಾಣಬೇಕು. ಅವರು ಬರೆದುಕೊಟ್ಟ ಔಷಧಿ ಅತ್ಯಗತ್ಯವಾಗಿತ್ತು ಎಂದು ಅವರೇ ಎಸೆನ್ಷಿಯಾಲಿಟಿ ಸರ್ಟಿಫಿಕೇಟ್‌ಗೆ ಸಹಿ ಹಾಕಬೇಕು. ದೊಡ್ಡ ಹುದ್ದೆಯವರಿಗೆ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ, ಕೆಳಗಿನವರಿಗೆ ಅವರ ಕೈಕೆಳಗಿನವರು. ಮಲಗುವ ವಾರ್ಡೂ ಸಂಬಳದ ಪ್ರಕಾರ. ಕಾಯಿಲೆ ಎಷ್ಟು ದೊಡ್ಡದು ಅನ್ನೋದಕ್ಕಿಂತ ಕುರ್ಚಿ ಎಷ್ಟು ದೊಡ್ಡದು ಅನ್ನೋದು ಮುಖ್ಯ.

ಮರುಪಾವತಿಯ ಈ ಗೋಜಲು ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ದೆಹಲಿಯವರಿಗೆ ಸಾಕಾಯಿತು. 1954ರಲ್ಲಿ ಅಲ್ಲಿ ಬೇರೆ ಪ್ರಯೋಗ ಶುರುವಾಯಿತು. ನೌಕರ ಪ್ರತಿ ತಿಂಗಳು ಸಂಬಳದಿಂದ ಸಣ್ಣ ವಂತಿಗೆ ಕೊಡಬೇಕು, ಸರ್ಕಾರವೇ ಬಡಾವಣೆಗಳಲ್ಲಿ ಡಿಸ್ಪೆನ್ಸರಿ ತೆರೆದು ವೈದ್ಯರನ್ನೂ ಔಷಧಿಯನ್ನೂ ಕೊಡುತ್ತೆ, ಬಿಲ್ಲಿನ ಮಾತೇ ಇಲ್ಲ. ಇದೇ ಇವತ್ತಿನ ಸಿಜಿಎಚ್‌ಎಸ್. 1963ರಲ್ಲಿ ಮುಂಬೈಗೆ, 1976ರಲ್ಲಿ ಬೆಂಗಳೂರಿಗೆ ಬಂತು. ಈಗ ವಂತಿಗೆ ವೇತನದ ಹಂತದ ಪ್ರಕಾರ ತಿಂಗಳಿಗೆ 250, 450, 650 ಅಥವಾ 1000 ರೂಪಾಯಿ. ನಗರದವರಿಗೆ ಸಿಜಿಎಚ್‌ಎಸ್, ಅದು ಇಲ್ಲದ ಊರಿನವರಿಗೆ ಅದೇ 1944ರ ಫೈಲು. ಅರಸೀಕೆರೆ ಎರಡನೆಯ ಗುಂಪಿನಲ್ಲಿ ಉಳಿಯಿತು.

ಡಿಸ್ಪೆನ್ಸರಿಯಲ್ಲಿ ಕೆಮ್ಮು ನೆಗಡಿ ವಾಸಿಯಾಗುತ್ತೆ, ಬೈಪಾಸ್ ಆಗಲ್ಲ. ಎಂಬತ್ತರ ದಶಕದಲ್ಲಿ ಕಾರ್ಪೊರೇಟ್ ಆಸ್ಪತ್ರೆಗಳು ತಲೆಯೆತ್ತಿದವು. ಚೆನ್ನೈನ ಅಪೋಲೋ ತೆರೆದದ್ದು 1983ರಲ್ಲಿ. ಸರ್ಕಾರ ತನ್ನ ನೌಕರರನ್ನು ಖಾಸಗಿಯವರ ಬಳಿ ಕಳಿಸಲೇಬೇಕಾಯಿತು. ಕಥೆ ನನಗೆ ನಿಜಕ್ಕೂ ಹಿಡಿಸಿದ್ದು ಇಲ್ಲಿಂದ, ಯಾಕಂದರೆ ಇಲ್ಲಿಂದ ಇದು ಕರಾರಿನ ಕಥೆ.

ಹೇಗೆ ನಡೆಯುತ್ತೆ ನೋಡಿ. ಆಸ್ಪತ್ರೆ ಅರ್ಜಿ ಹಾಕಿ ಪಟ್ಟಿಗೆ ಸೇರುತ್ತೆ. ಒಂದು ಒಡಂಬಡಿಕೆಗೆ ಸಹಿ ಹಾಕುತ್ತೆ, ಬ್ಯಾಂಕ್ ಗ್ಯಾರಂಟಿ ಇಡುತ್ತೆ. ಪ್ರತಿ ಚಿಕಿತ್ಸೆಗೂ ಒಂದು ಪ್ಯಾಕೇಜ್ ದರ: ಕೋಣೆ ಬಾಡಿಗೆ, ಸರ್ಜನ್, ಅರಿವಳಿಕೆ, ಔಷಧಿ, ಎಲ್ಲ ಅದರೊಳಗೇ. ದೊಡ್ಡ ಸ್ಪೆಷಾಲಿಟಿ ಶಸ್ತ್ರಚಿಕಿತ್ಸೆಗೆ 12 ದಿನ, ಲ್ಯಾಪರೋಸ್ಕೋಪಿಗೆ 3 ದಿನ. ಅಮ್ಮನ 3 ದಿನ ಬಂದದ್ದು ಇಲ್ಲಿಂದ. ಎನ್‌ಎಬಿಎಚ್ ಮಾನ್ಯತೆ ಇದ್ದ ಆಸ್ಪತ್ರೆಗೆ ಪೂರ್ತಿ ದರ, ಇಲ್ಲದಿದ್ದರೆ ಶೇ. 15 ಕಡಿಮೆ. ಕಾರ್ಡ್ ತೋರಿಸಿದ ರೋಗಿಯಿಂದ ಅದಕ್ಕಿಂತ ಹೆಚ್ಚು ವಸೂಲು ಮಾಡುವ ಹಾಗಿಲ್ಲ, ಮಾಡಿದರೆ ದಂಡ, ಪಟ್ಟಿಯಿಂದ ಹೊರಗೆ. ಕಾಗದದ ಮೇಲೆ ಬಹಳ ಒಳ್ಳೆಯ ಕರಾರು. ನಮ್ಮ ಕಂಪನಿ ವಿಮೆಯವರಿಗೂ ಇಷ್ಟು ಕಟ್ಟುನಿಟ್ಟಿನ ದರ ಇರಲ್ಲ.

ತೊಂದರೆ ಏನಂದರೆ ದರ ಒಮ್ಮೆ ಕೂತರೆ ಏಳುವುದಿಲ್ಲ. 2014ರಲ್ಲಿ ನಿಗದಿಯಾದ ದರಗಳು ಅಲ್ಲಲ್ಲಿ ತೇಪೆ ಹಾಕಿಸಿಕೊಂಡು ದಶಕಕ್ಕೂ ಹೆಚ್ಚು ಕಾಲ ನಡೆದವು. ತಜ್ಞ ವೈದ್ಯರ ಸಲಹೆಗೆ 150 ರೂಪಾಯಿ ಇತ್ತು, 2023ರ ಏಪ್ರಿಲ್‌ನಲ್ಲಿ 350 ಆಯಿತು. 150 ರೂಪಾಯಿಗೆ ಬೆಂಗಳೂರಿನಲ್ಲಿ ಯಾವ ಹೃದಯತಜ್ಞ ಸಿಗ್ತಾರೆ, ನೀವೇ ಹೇಳಿ. ಪಟ್ಟಿಯಲ್ಲಿ ಹೆಸರಿದ್ದರೂ ‘ಬೆಡ್ ಖಾಲಿ ಇಲ್ಲ’ ಅನ್ನೋ ಉತ್ತರ ಹುಟ್ಟುವುದು ಇಂಥ ಕಡೆ. ಬಾಕಿ ಹಣ ತಡವಾಗುತ್ತೆ ಅನ್ನೋದು ಆಸ್ಪತ್ರೆಗಳ ಹಳೇ ದೂರು. ಪೂರ್ಣ ಪರಿಷ್ಕರಣೆ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಆಸ್ಪತ್ರೆಗಳೆಲ್ಲ ಹೊಸದಾಗಿ ಒಡಂಬಡಿಕೆಗೆ ಸಹಿ ಹಾಕಬೇಕಾಯಿತು.

ಇದನ್ನೆಲ್ಲ ಮೇಲೆ ನಿಂತು ನೋಡುವವರು ಯಾರು? ನಿಮ್ಮ ಇ-ಕಾರ್ಡಿಗೆ ಐಆರ್‌ಡಿಎಐ ಇದೆ. ಟಿಪಿಎ ಹೇಗಿರಬೇಕು ಅಂತ 2001ರಲ್ಲೇ ನಿಯಮ ಬಂತು. ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ ಉತ್ತರ, ಡಿಸ್ಚಾರ್ಜಿಗೆ 3 ಗಂಟೆಯೊಳಗೆ ಅನುಮತಿ ಅಂತ 2024ರಲ್ಲಿ ಸುತ್ತೋಲೆ ಬಂತು. ಜಗಳ ಬಿದ್ದರೆ ಒಂಬುಡ್ಸ್‌ಮನ್ ಇದ್ದಾರೆ. ಸಿಜಿಎಚ್‌ಎಸ್ ಆಗಲಿ 1944ರ ನಿಯಮ ಆಗಲಿ ವಿಮೆಯೇ ಅಲ್ಲ, ಹಾಗಾಗಿ ಐಆರ್‌ಡಿಎಐಗೂ ಅದಕ್ಕೂ ಸಂಬಂಧ ಇಲ್ಲ. ಅದು ಸೇವಾ ಷರತ್ತು. ದರ ಕಟ್ಟುವವರು, ಬಿಲ್ಲು ಪಾಸು ಮಾಡುವವರು, ದೂರು ಕೇಳುವವರು ಎಲ್ಲ ಒಂದೇ ಸರ್ಕಾರ.

ಹೀಗಾಗಿ ನಿಯಂತ್ರಕನ ಕೆಲಸ ಕೋರ್ಟುಗಳ ಪಾಲಿಗೆ ಬಂತು. ಪಂಜಾಬ್ ಸರ್ಕಾರದ ನೌಕರ ಸುರ್ಜಿತ್ ಸಿಂಗ್ ಇಂಗ್ಲೆಂಡಿಗೆ ಹೋಗಿದ್ದಾಗ ಹೃದಯದ ತೊಂದರೆಯಾಗಿ ಅಲ್ಲೇ ಬೈಪಾಸ್ ಮಾಡಿಸಿಕೊಂಡರು. ಮೊದಲೇ ಅನುಮತಿ ಪಡೆದಿಲ್ಲ ಅಂತ ಸರ್ಕಾರ ತಗಾದೆ ಎತ್ತಿತು. 1996ರಲ್ಲಿ ಸುಪ್ರೀಂ ಕೋರ್ಟ್, ಜೀವ ಉಳಿಸಿಕೊಳ್ಳುವುದು ಮನುಷ್ಯನ ಹಕ್ಕು, ಮೆಡಿಕಲ್ ಬೋರ್ಡಿನ ಮುಂದೆ ಸರತಿಯಲ್ಲಿ ನಿಂತು ಪ್ರಾಣ ಬಿಡಿ ಅನ್ನೋದಕ್ಕಾಗಲ್ಲ ಎಂಬ ಅರ್ಥದಲ್ಲಿ ಹೇಳಿ, ದೆಹಲಿಯ ಎಸ್ಕಾರ್ಟ್ಸ್ ಆಸ್ಪತ್ರೆಯ ದರದಲ್ಲಿ ಹಣ ಕೊಡಲು ಆದೇಶಿಸಿತು. ಎರಡೇ ವರ್ಷಕ್ಕೆ, 1998ರಲ್ಲಿ, ಅದೇ ಪಂಜಾಬಿನ ರಾಮ್ ಲುಭಾಯಾ ಬಗ್ಗಾ ಪ್ರಕರಣದಲ್ಲಿ ಕೋರ್ಟು ಇನ್ನೊಂದು ಮಗ್ಗುಲಿಗೆ ಹೊರಳಿತು: ಸರ್ಕಾರದ ಖಜಾನೆಗೆ ಮಿತಿ ಇದೆ, ಅದು ದರ ನಿಗದಿ ಮಾಡಿ ಅಷ್ಟೇ ಕೊಡುತ್ತೇನೆ ಅನ್ನಬಹುದು. ಅಪ್ಪನಿಗೆ ಸಿಕ್ಕಿದ 31 ಸಾವಿರ ಈ ಎರಡನೆಯ ತೀರ್ಪಿನ ಕೂಸು ಅಂತ ನನಗನ್ನಿಸುತ್ತೆ. ಎರಡು ತೀರ್ಪುಗಳನ್ನೂ ಓದಿದೆ. ಎರಡನೆಯದು ತಪ್ಪು ಅಂತ ಹೇಳಲು ಧೈರ್ಯ ಬರಲ್ಲ, ಮೊದಲನೆಯದನ್ನು ಬಿಡೋಕೆ ಮನಸ್ಸೂ ಬರಲ್ಲ.

ಇನ್ನೊಂದು ತೀರ್ಪು ಕಡಿಮೆ ಜನಕ್ಕೆ ಗೊತ್ತು. ಲಕ್ಷ್ಮಣ ತಮ್ಮಪ್ಪ ಕೋಟಗಿರಿ ಎಂಬ ರೈಲ್ವೆ ನೌಕರರ ಪ್ರಕರಣ. ರೈಲ್ವೆ ಆಸ್ಪತ್ರೆಯ ಚಿಕಿತ್ಸೆ ಉಚಿತ, ಹಾಗಾಗಿ ನೀವು ಗ್ರಾಹಕರಲ್ಲ ಎಂಬುದು ಎದುರು ವಾದ. ಆ ಚಿಕಿತ್ಸೆ ಸೇವಾ ಷರತ್ತಿನ ಭಾಗ, ಧರ್ಮಕ್ಕೆ ಕೊಟ್ಟದ್ದಲ್ಲ ಅಂತ ಸುಪ್ರೀಂ ಕೋರ್ಟ್ ಗ್ರಾಹಕ ವೇದಿಕೆಯ ಬಾಗಿಲು ತೆರೆಯಿತು. 2018ರಲ್ಲಿ ಶಿವಕಾಂತ್ ಝಾ ಎಂಬ ನಿವೃತ್ತ ತೆರಿಗೆ ಅಧಿಕಾರಿ ಸಿಜಿಎಚ್‌ಎಸ್ ವಿರುದ್ಧ ಗೆದ್ದರು. ಆಸ್ಪತ್ರೆ ಪಟ್ಟಿಯಲ್ಲಿ ಇಲ್ಲ ಎಂಬ ಒಂದೇ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ, ಚಿಕಿತ್ಸೆ ನಿಜವಾಗಿ ನಡೆದಿದೆಯಾ ಅನ್ನೋದನ್ನು ನೋಡಬೇಕು ಎಂದಿತು ಕೋರ್ಟು. ಗೆಲ್ಲೋದೇನೋ ಗೆಲ್ಲಬಹುದು. ಅದಕ್ಕೆ ಸುಪ್ರೀಂ ಕೋರ್ಟಿನವರೆಗೂ ಹೋಗುವ ತ್ರಾಣ ಬೇಕು.

ನಮ್ಮ ರಾಜ್ಯದ ನೌಕರರದ್ದು ಇದೇ ಕಥೆಯ ಇನ್ನೊಂದು ಪಾಠಾಂತರ. 1963ರ ವೈದ್ಯಕೀಯ ಹಾಜರಾತಿ ನಿಯಮಗಳಡಿ ಮರುಪಾವತಿ ಇತ್ತು. 2014-15ರ ಹೊತ್ತಿಗೆ ‘ಜ್ಯೋತಿ ಸಂಜೀವಿನಿ’ ಬಂತು. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ಮಾತ್ರ ನಗದುರಹಿತ ಚಿಕಿತ್ಸೆ. ಆಸ್ಪತ್ರೆಗಳ ಜೊತೆ ಕರಾರು ಮಾಡಿಕೊಂಡದ್ದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಉಳಿದದ್ದಕ್ಕೂ ಸೇರಿಸಿ ‘ಕರ್ನಾಟಕ ಆರೋಗ್ಯ ಸಂಜೀವಿನಿ’ ಮಾಡುತ್ತೇವೆ ಅಂತ ಆದೇಶ ಆದದ್ದು 2022ರಲ್ಲಿ, ಜಾರಿಗೆ ಬಂದದ್ದು 2025ರ ಅಕ್ಟೋಬರ್ 1ಕ್ಕೆ. ಎ ಗುಂಪಿನವರು ತಿಂಗಳಿಗೆ 1000, ಬಿ 500, ಸಿ 350, ಡಿ 250 ರೂಪಾಯಿ ವಂತಿಗೆ ಕೊಡಬೇಕು. ದೆಹಲಿ 1954ರಲ್ಲಿ ಹಿಡಿದ ವಂತಿಗೆಯ ದಾರಿಗೆ ನಾವು ಬರಲು 71 ವರ್ಷ ಬೇಕಾಯಿತು.

ಅಪ್ಪ 2018ರಲ್ಲಿ ನಿವೃತ್ತರಾದರು. ಆಗ ಗೊತ್ತಾದ ಸಂಗತಿ ಏನಂದರೆ, 1944ರ ನಿಯಮ ಪಿಂಚಣಿದಾರರಿಗೆ ಅನ್ವಯಿಸೋದೇ ಇಲ್ಲ. ಮೂವತ್ತೈದು ವರ್ಷ ಗಟ್ಟಿಮುಟ್ಟಾಗಿದ್ದಾಗ ಫೈಲು ಹಾಕಬಹುದಿತ್ತು. ಬಿಪಿ, ಸಕ್ಕರೆ ಶುರುವಾದ ಮೇಲೆ ಅದೂ ಇಲ್ಲ. ಬದಲಿಗೆ ತಿಂಗಳಿಗೆ ಒಂದು ನಿಗದಿತ ವೈದ್ಯಕೀಯ ಭತ್ಯೆ. 1997ರಲ್ಲಿ ಅದು 100 ರೂಪಾಯಿ ಇತ್ತು, 2017ರಿಂದ 1000. ಏಳನೇ ವೇತನ ಆಯೋಗ 2015ರ ವರದಿಯಲ್ಲಿ ನೌಕರರಿಗೂ ಪಿಂಚಣಿದಾರರಿಗೂ ವಿಮೆ ಮಾಡಿಸಿ ಅಂತ ಹೇಳಿತ್ತು. ಅದು ವರದಿಯಲ್ಲೇ ಇದೆ.

ಒಂದು ದಾರಿ ಮಾತ್ರ ಉಂಟು, ಇದನ್ನು ಓದುತ್ತಿರುವವರಲ್ಲಿ ಕೇಂದ್ರ ಸರ್ಕಾರದಿಂದ ನಿವೃತ್ತರಾದ ಅಪ್ಪ ಅಮ್ಮ ಇರುವವರು ಗಮನಿಸಿ. ಸಿಜಿಎಚ್‌ಎಸ್ ಇಲ್ಲದ ಊರಿನ ಪಿಂಚಣಿದಾರರೂ ಹತ್ತಿರದ ಸಿಜಿಎಚ್‌ಎಸ್ ನಗರದಲ್ಲಿ ಕಾರ್ಡ್ ಮಾಡಿಸಬಹುದು. 10 ವರ್ಷದ ವಂತಿಗೆ ಒಟ್ಟಿಗೆ ಕಟ್ಟಿದರೆ ಜೀವನಪೂರ್ತಿ. ಆಸ್ಪತ್ರೆಗೆ ಸೇರುವ ಚಿಕಿತ್ಸೆಗೆ ಮಾತ್ರ ಕಾರ್ಡ್ ಸಾಕು ಅಂದರೆ ಆ 1000 ರೂಪಾಯಿ ಭತ್ಯೆಯೂ ಉಳಿಯುತ್ತೆ. ನನ್ನ ಕಂಪನಿ ಕಾರ್ಡು ನಾನು ಕೆಲಸ ಬಿಟ್ಟ ದಿನ ಸತ್ತುಹೋಗುತ್ತೆ, ಇದು ಹಾಗಲ್ಲ.

ಅಪ್ಪನ ವೇತನ ಹಂತಕ್ಕೆ ತಿಂಗಳಿಗೆ 450ರ ಲೆಕ್ಕದಲ್ಲಿ 54 ಸಾವಿರ ಆಯಿತು. “ಅಷ್ಟು ವರ್ಷ ಇರ್ತೀನೋ ಇಲ್ವೋ” ಅಂತ ಒಂದು ವಾರ ಮುಂದೂಡಿದರು. ಅಮ್ಮ ಬೈದ ಮೇಲೆ ಕಟ್ಟಿದರು. ಕಾರ್ಡ್ ಬಂತು, ಪಿಂಚಣಿದಾರರದ್ದು ಹಸಿರು ಬಣ್ಣ. ಅದರಲ್ಲಿ ವಾರ್ಡ್ ಯಾವುದು ಅಂತಲೂ ಅಚ್ಚಾಗಿರುತ್ತೆ. ಮೂಲ ವೇತನ 36,500 ದಾಟಿ 50,500ರ ಒಳಗಿದ್ದವರಿಗೆ ಸೆಮಿ-ಪ್ರೈವೇಟ್, ಅಂದರೆ ಒಂದು ಕೋಣೆಯಲ್ಲಿ ಇಬ್ಬರು ಮೂವರು ರೋಗಿಗಳು. ಬ್ರಿಟಿಷರ ಕಾಲದ ಕುರ್ಚಿ ಲೆಕ್ಕ ಇನ್ನೂ ಹೋಗಿಲ್ಲ ನೋಡಿ ಅಂತ ನಾನು ಭಾಷಣ ಶುರು ಮಾಡಿದೆ. ಅಪ್ಪ ಕನ್ನಡಕ ಏರಿಸಿಕೊಂಡು ಕಾರ್ಡ್ ತಿರುಗಿಸಿ ನೋಡಿದರು.

“ಒಳ್ಳೇದಾಯ್ತು ಬಿಡೋ” ಅಂದರು. “ಪಕ್ಕದಲ್ಲಿ ಒಬ್ಬರಾದ್ರೂ ಮಾತಾಡೋಕೆ ಇರ್ತಾರೆ.”